ಸಿಗಾರ್ ಸೇದುವ ಅಜ್ಜನ ಮನೆಗೆ ಹೋಗುವ ಮುನ್ನ

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಊರಿಂದ ಅಮ್ಮ ಬಂದಿದ್ದಾರೆ. ಈಸ್ಟರ್ ಹೊತ್ತಿಗೆ ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಹೋಗಿಬರಲು ಟಿಕೆಟ್ ಮಾಡಿದ್ದೇವೆ. ಅಲ್ಲಿ ಮಾಶಿಮೋನ್ ಅನ್ನುವ ಸಂತನಿಗೆ ಸಾರಾಯಿ, ಸಿಗಾರ್ ಕೊಡುತ್ತಾರಂತೆ. ಅವನು ಕ್ಯಾಥೊಲಿಕ್ ಸಂತ ಅಂತ ಕೆಲವರು, ಅಲ್ಲಿನ ಮೂಲನಿವಾಸಿ ಮಾಯಾ ಜನರ ದೇವರು ಅಂತ ಕೆಲವರು, ಯೂದಾಸ ಅಂತ ಇನ್ನು ಕೆಲವರು ಬರೆದಿದ್ದಾರೆ. ನೋಡುವ ಆಸೆ ಇದೆ. ಆದರೆ ಅಮ್ಮ ಕುಡಿತದ ವಾಸನೆ ಬಂದರೆ ದೂರ ಸರಿಯುವವರು, ಶುದ್ಧ ಸಸ್ಯಾಹಾರಿ. ನಾವು ಹೋಗಬಹುದಾ? ಏನು ತಗೊಂಡು ಹೋಗಬೇಕು? ಫೋಟೊ ತೆಗೆಯಬಹುದಾ? ನಮ್ಮ ಕೊರಗಜ್ಜನ ಹಾಗೇ ಅಂತ ಮಂಗಳೂರಿನ ಗೆಳತಿ ಹೇಳಿದಳು, ಹೌದಾ?

ಉತ್ತರ: ಖಂಡಿತ ಹೋಗಿ. ಅಮ್ಮನನ್ನೂ ಕರ್ಕೊಂಡು ಹೋಗಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಹೋಗುತ್ತಿರುವುದು ಗುಡಿಗಲ್ಲ, ಚರ್ಚಿಗೂ ಅಲ್ಲ. ಒಬ್ಬರ ಮನೆಗೆ. ಇದೊಂದು ನೆನಪಿದ್ದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ.

ಮೊದಲು ಹೆಸರು. ಬರೆಯುವುದು Maximón ಅಂತ, ಆದರೆ ಅಲ್ಲಿ ಎಕ್ಸ್ ಅಕ್ಷರವನ್ನು ‘ಶ’ ಅಂತ ಓದುತ್ತಾರೆ. ಹಾಗಾಗಿ ನೀವು ಬರೆದ ‘ಮಾಶಿಮೋನ್’ ಸರಿಯಾಗಿಯೇ ಇದೆ. ಊರಿನವರು ಪ್ರೀತಿಯಿಂದ ಕರೆಯುವ ಹೆಸರು ಬೇರೆ: ರಿಲಾಹ್ ಮಾಮ್. ಅಲ್ಲಿನ ತ್ಸುತುಹಿಲ್ ಭಾಷೆಯಲ್ಲಿ ‘ಮಾಮ್’ ಅಂದರೆ ಅಜ್ಜ. ರಿಲಾಹ್ ಮಾಮ್ ಅಂದರೆ ಪೂಜ್ಯನಾದ ಹಿರಿಯಜ್ಜ. ‘ಸಂತ’ ಅನ್ನುವುದಕ್ಕಿಂತ ‘ಅಜ್ಜ’ ಅಂದುಕೊಂಡು ಹೋದರೆ ಅಮ್ಮನಿಗೂ ಸಲೀಸು.

ಈ ಅಜ್ಜ ಇರುವುದು ಸಾಂತಿಯಾಗೊ ಅತಿತ್ಲಾನ್ ಅನ್ನುವ ಊರಿನಲ್ಲಿ. ಅತಿತ್ಲಾನ್ ಸರೋವರದ ದಡ, ಸುತ್ತ ಮೂರು ಜ್ವಾಲಾಮುಖಿ ಬೆಟ್ಟಗಳು. ಇಲ್ಲಿ ಕೊಫ್ರಾದಿಯಾ ಅನ್ನುವ ವ್ಯವಸ್ಥೆ ಇದೆ. ಒಬ್ಬೊಬ್ಬ ಸಂತನ ಸೇವೆಗೆ ಒಂದೊಂದು ಮಂಡಳಿ. ಸ್ಪೇನಿನಿಂದ ಬಂದ ಪಾದ್ರಿಗಳು ತಂದ ಪದ್ಧತಿ ಇದು. ಆದರೆ ಮಾಯಾ ಜನ ಅದನ್ನು ಎಷ್ಟು ತಮ್ಮದಾಗಿಸಿಕೊಂಡರು ಅಂದರೆ, ತಮ್ಮ ಹಳೆಯ ಆಚರಣೆಗಳನ್ನೆಲ್ಲ ಅದರೊಳಗೇ ಉಳಿಸಿಕೊಂಡರು. ಮಾಶಿಮೋನ್ ಇರುವುದು ಸಾಂತಾ ಕ್ರೂಸ್ ಕೊಫ್ರಾದಿಯಾದಲ್ಲಿ. ಸಾಂತಾ ಕ್ರೂಸ್ ಅಂದರೆ ಪವಿತ್ರ ಶಿಲುಬೆ. ಪ್ರತಿವರ್ಷ ಅದರ ಮುಖ್ಯಸ್ಥ ಬದಲಾಗುತ್ತಾನೆ, ಅಜ್ಜನ ಮನೆಯೂ ಬದಲಾಗುತ್ತದೆ. ಆ ಒಂದು ವರ್ಷ ಆ ಮನೆಯವರು ತಮ್ಮ ಕೋಣೆಯನ್ನು ಬಿಟ್ಟುಕೊಡಬೇಕು, ಬಂದವರನ್ನು ವಿಚಾರಿಸಿಕೊಳ್ಳಬೇಕು, ಹಬ್ಬದ ಖರ್ಚು ಹೊರಬೇಕು. ಈ ಜವಾಬ್ದಾರಿಗೆ ಸ್ಪ್ಯಾನಿಷ್‌ನಲ್ಲಿ ‘ಕಾರ್ಗೊ’ ಅಂತ ಹೆಸರು, ಅಂದರೆ ಹೊರೆ. ಹೆಸರು ಸುಮ್ನೆ ಬಂದಿದ್ದಲ್ಲ. ಸಣ್ಣ ಹಿಡುವಳಿಯ ರೈತ ಕುಟುಂಬಕ್ಕೆ ಅದು ನಿಜವಾಗಿಯೂ ಹೊರೆ. ಮರ್ಯಾದೆಯೂ ಹೌದು.

ಮನೆಯೊಳಗೆ ಏನಿರುತ್ತದೆ ಅಂತ ಹೇಳುತ್ತೇನೆ, ಅಮ್ಮನಿಗೆ ಮೊದಲೇ ತಿಳಿಸಿಡಿ. ಹೊರಗಿನ ಬಿಸಿಲಿನಿಂದ ಒಳಗೆ ಹೋದ ತಕ್ಷಣ ಕಣ್ಣಿಗೆ ಏನೂ ಕಾಣುವುದಿಲ್ಲ. ಮೊದಲು ಮೂಗಿಗೆ ಬರುವುದು ಕೊಪಾಲ್ ಧೂಪದ ಹೊಗೆ. ನಮ್ಮ ಸಾಂಬ್ರಾಣಿಗೆ ಹತ್ತಿರದ ವಾಸನೆ, ಆದರೆ ಸ್ವಲ್ಪ ನಿಂಬೆಯ ಘಾಟು ಇರುತ್ತದೆ. ಅದರ ಹಿಂದೆ ತಂಬಾಕು, ಅದರ ಹಿಂದೆ ಸಾರಾಯಿ. ಕಣ್ಣು ಹೊಂದಿಕೊಂಡ ಮೇಲೆ ಚಾವಣಿಯಿಂದ ತೂಗುವ ಬಣ್ಣದ ಕಾಗದದ ಮಾಲೆಗಳು ಕಾಣುತ್ತವೆ. ಒಂದು ಬದಿಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ ಯೇಸುವಿನ ವಿಗ್ರಹ, ಸುತ್ತ ಮಿಣುಕುವ ಸೀರಿಯಲ್ ಸೆಟ್ ದೀಪಗಳು. ನಡುವೆ ನೆಲದ ಮೇಲೆ ಸಾಲು ಮೇಣದಬತ್ತಿ. ಅದರ ಹಿಂದೆ ಅಜ್ಜ.

ಎತ್ತರ ಜಾಸ್ತಿ ಇಲ್ಲ, ಸುಮಾರು ನಾಲ್ಕು ಅಡಿ. ಮರದ ಮುಖ. ತಲೆಯ ಮೇಲೆ ಒಂದರ ಮೇಲೊಂದು ಎರಡು ಹ್ಯಾಟು. ಕತ್ತಿನಿಂದ ಕೆಳಗೆ ಮೈಯೇ ಕಾಣದಷ್ಟು ರೇಷ್ಮೆ ವಸ್ತ್ರ, ಟೈ. ಎಲ್ಲವೂ ಹರಕೆ ಹೊತ್ತವರು ತಂದು ಉಡಿಸಿದ್ದು. ಬಾಯಲ್ಲಿ ಸಿಗಾರ್. ಎರಡೂ ಪಕ್ಕದಲ್ಲಿ ಕೊಫ್ರಾದಿಯಾದವರು ಕೂತಿರುತ್ತಾರೆ. ಸಿಗಾರಿನ ತುದಿಯಲ್ಲಿ ಬೂದಿ ಉದ್ದವಾದರೆ, ವಸ್ತ್ರದ ಮೇಲೆ ಬೀಳುವ ಮೊದಲು ಒಬ್ಬರು ಅದನ್ನು ಮೆಲ್ಲಗೆ ತಟ್ಟಿ ತೆಗೆಯುತ್ತಾರೆ. ಸಾರಾಯಿ ಕೊಡುವಾಗ ಅಜ್ಜನನ್ನು ಬೆನ್ನಿಗೆ ಕೈಕೊಟ್ಟು ಸ್ವಲ್ಪ ಹಿಂದಕ್ಕೆ ವಾಲಿಸುತ್ತಾರೆ. ಬಾಯಿಗೆ ಸ್ವಲ್ಪವೇ ಹೊಯ್ಯುತ್ತಾರೆ. ಆಮೇಲೆ ಬಟ್ಟೆಯಿಂದ ಗಲ್ಲ ಒರೆಸುತ್ತಾರೆ. ಹಾಸಿಗೆ ಹಿಡಿದ ಹಿರಿಯರಿಗೆ ಮನೆಯಲ್ಲಿ ಗಂಜಿ ಕುಡಿಸಿ ಬಾಯಿ ಒರೆಸುತ್ತೇವಲ್ಲ, ಥೇಟ್ ಹಾಗೇ. ‘ಕುಡಿಯುವ ದೇವರು’ ಅಂತ ನಗುತ್ತಾ ಒಳಗೆ ಬಂದವರು ಈ ಗಲ್ಲ ಒರೆಸುವ ಕೈಯನ್ನು ಒಮ್ಮೆ ನೋಡಲಿ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅವನು ಯಾರು?

ಹಲವು ಉತ್ತರಗಳಿವೆ, ಒಂದನ್ನು ಹಿಡಿದು ಉಳಿದದ್ದನ್ನು ಬಿಡೋಕ್ಕಾಗಲ್ಲ. ‘ಮಾಮ್’ ಅನ್ನುವುದು ಮಾಯಾ ಲೋಕದಲ್ಲಿ ತುಂಬ ಹಳೆಯ ಹೆಸರು. ಹಳೆಯ ಮಾಯಾ ಪಂಚಾಂಗದಲ್ಲಿ ವರ್ಷಕ್ಕೆ 20 ದಿನದ 18 ತಿಂಗಳು, ಕೊನೆಗೆ ಐದು ದಿನ ಉಳಿಯುತ್ತದೆ. ಯಾವ ತಿಂಗಳಿಗೂ ಸೇರದ, ಕೇಡು ತಟ್ಟುವ ದಿನಗಳು ಅವು. ವಿದ್ವಾಂಸರು ಮುದುಕ ದೇವರು ಮಾಮ್‌ನನ್ನು ಈ ವರ್ಷದಂಚಿನ ದಿನಗಳ ಜೊತೆ ಜೋಡಿಸುತ್ತಾರೆ. ‘ಮಾಶಿಮೋನ್’ ಅನ್ನುವುದು ‘ಕಟ್ಟಲ್ಪಟ್ಟವನು’ ಅನ್ನುವ ಅರ್ಥದ ಮಾತಿನಿಂದ ಬಂತು ಅಂತ ಒಂದು ವಾದ. ಮೈಯನ್ನು ಮರದ ತುಂಡುಗಳನ್ನು ಸೇರಿಸಿ ಬಿಗಿದೇ ಮಾಡಿದ್ದಾರೆ, ಹಾಗಾಗಿ ಈ ಮಾತು ನನಗೆ ಸರಿ ಅನ್ನಿಸುತ್ತದೆ. ‘ಮಾಮ್’ ಮತ್ತು ‘ಸಿಮೋನ್’ ಸೇರಿ ಆದ ಹೆಸರು ಅನ್ನುವವರೂ ಇದ್ದಾರೆ. ಯೇಸುವನ್ನು ಹಿಡಿದುಕೊಟ್ಟ ಯೂದಾಸ ಅಂತ ಹೇಳಿದ್ದು ಜಾಸ್ತಿಯಾಗಿ ಚರ್ಚಿನ ಕಡೆಯವರು. 1524ರಲ್ಲಿ ದಂಡೆತ್ತಿ ಬಂದ ಪೆದ್ರೊ ದೆ ಅಲ್ವರಾದೊ ಅನ್ನುವ ಸ್ಪೇನಿನ ಸೇನಾಪತಿಯ ನೆರಳೂ ಅವನಲ್ಲಿದೆ ಅಂತಾರೆ.

ಊರಿನ ಕಥೆ ಬೇರೆ. ಗಂಡಸರು ವ್ಯಾಪಾರಕ್ಕೆ ದೂರ ಹೋದಾಗ ಮನೆಗಳಲ್ಲಿ ತೊಂದರೆ ಶುರುವಾಯಿತು. ಊರಿನ ಶಕ್ತಿವಂತ ಹಿರಿಯರೆಲ್ಲ ಸೇರಿ ಕಾವಲಿಗೆ ಒಬ್ಬನನ್ನು ಮಾಡೋಣ ಅಂತ ನಿಶ್ಚಯಿಸಿದರು. ಕಾಡಿಗೆ ಹೋಗಿ ಮರಗಳನ್ನು ಒಂದೊಂದಾಗಿ ಕೇಳಿದರು. ತ್ಸಿತೆ ಮರ ಒಪ್ಪಿತು. ಅದರಲ್ಲಿ ಅವನನ್ನು ಕೆತ್ತಿ, ಹಾಡಿ, ಜೀವ ತುಂಬಿದರು. ಅವನು ಕಾವಲೂ ಕಾದ, ತುಂಟತನವನ್ನೂ ಮಾಡಿದ. ಕೊನೆಗೆ ಅವನನ್ನು ಹತೋಟಿಗೆ ತರಬೇಕಾಯಿತು, ಕಟ್ಟಿಹಾಕಬೇಕಾಯಿತು. ಈ ಕಥೆಯಲ್ಲಿ ಬರುವ ಫ್ರಾನ್ಸಿಸ್ಕೊ ಸೊಹುಯೆಲ್ ಅನ್ನುವ ಹಿರಿಯನನ್ನು ಊರಿನವರು ಇವತ್ತಿಗೂ ನೆನೆಯುತ್ತಾರೆ. ಅಂದಹಾಗೆ, ಈ ತ್ಸಿತೆ ನಿಮಗೆ ಪರಿಚಯದ ಮರವೇ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಬೆಳೆಸುವ ಹಾಲವಾಣದ ಕುಲದ್ದೇ. ಅದೇ ಕೆಂಪು ಹೂವು. ಅದರ ಕೆಂಪು ಬೀಜಗಳನ್ನು ಹರಡಿ, ಎಣಿಸಿ, ಮಾಯಾ ಕಣಿಯವರು ಇವತ್ತಿಗೂ ಭವಿಷ್ಯ ಹೇಳುತ್ತಾರೆ.

ಕ್ಯಾಥೊಲಿಕ್ ಚರ್ಚ್ ಅವನನ್ನು ಸಂತ ಅಂತ ಒಪ್ಪಿಲ್ಲ. ಇವಾಂಜೆಲಿಕಲ್ ಪಂಗಡದ ಅನೇಕರ ಪಾಲಿಗೆ ಅವನು ಸೈತಾನ. 1950ರ ದಶಕದ ಶುರುವಿನಲ್ಲಿ ಪಾದ್ರಿಗಳು ಅವನನ್ನು ನಾಶ ಮಾಡಲು ನೋಡಿದರು. ಗಲಾಟೆ ಆಯಿತು, ಮುಖವಾಡಗಳು ಕೈತಪ್ಪಿದವು. ಅದರಲ್ಲೊಂದು ಪ್ಯಾರಿಸ್‌ನ ವಸ್ತುಸಂಗ್ರಹಾಲಯ ಸೇರಿತು. 1979ರಲ್ಲಿ ಅದು ಊರಿಗೆ ವಾಪಸ್ ಬಂತು. ಹೀಗಾಗಿ ‘ಎರಡು ಧರ್ಮಗಳು ಹಾಲು ಸಕ್ಕರೆಯಂತೆ ಬೆರೆತ ಜಾಗ’ ಅಂತ ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಇಲ್ಲಿ ಬೆರೆತದ್ದೂ ಇದೆ, ಜಗಳವೂ ಇದೆ. ಪೆಟ್ಟು ತಿಂದು ಉಳಿದುಕೊಂಡಿದ್ದು ಎಲ್ಲಕ್ಕಿಂತ ಜಾಸ್ತಿ ಇದೆ. ಒಂದೇ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯ ಯೇಸುವೂ ಸಿಗಾರಿನ ಅಜ್ಜನೂ ಇದ್ದಾರಲ್ಲ, ಆ ಮನೆಯವರಿಗೆ ಅದರಲ್ಲಿ ಯಾವ ಗೊಂದಲವೂ ಇಲ್ಲ. ಭಾನುವಾರ ಪೂಜೆಗೆ ಹೋಗುತ್ತಾರೆ, ಮಗುವಿಗೆ ಜ್ವರ ಬಂದರೆ ಅಜ್ಜನ ಹತ್ತಿರ ಬರುತ್ತಾರೆ. ‘ನೀವು ಯಾವ ಧರ್ಮ’ ಅಂತ ಕೇಳಿದರೆ ಕ್ಯಾಥೊಲಿಕ್ ಅಂತಲೇ ಹೇಳುತ್ತಾರೆ.

ಕೊರಗಜ್ಜನ ಮಾತಿಗೆ ಬರೋಣ. ಅಜ್ಜ ಅಂತ ಕರೆಯುವುದು, ಕಳ್ಳು ಸಾರಾಯಿ ಇಡುವುದು, ಕಳೆದುಹೋದದ್ದಕ್ಕೂ ಕೈಕೊಟ್ಟ ಕೆಲಸಕ್ಕೂ ಮೊದಲು ನೆನೆಯುವುದು, ಇಷ್ಟು ಹೋಲಿಕೆ ಇದೆ. ನಿಮ್ಮ ಗೆಳತಿಗೆ ಹಾಗನ್ನಿಸಿದ್ದು ಸಹಜ. ಅಮ್ಮನಿಗೆ ವಿವರಿಸಲೂ ಅದು ಒಳ್ಳೆಯ ದಾರಿ. ಆದರೆ ಅಲ್ಲಿಗೇ ನಿಲ್ಲಿಸಿ. ಕೊರಗಜ್ಜನ ಕಥೆಯ ಹಿಂದೆ ತುಳುನಾಡಿನ ಕೊರಗ ಜನ ಅನುಭವಿಸಿದ್ದು ಇದೆ. ರಿಲಾಹ್ ಮಾಮ್‌ನ ಹಿಂದೆ ತ್ಸುತುಹಿಲ್ ಜನ ಅನುಭವಿಸಿದ್ದು ಇದೆ. ‘ಎಲ್ಲಾ ಒಂದೇ’ ಅಂದುಬಿಟ್ಟರೆ ಎರಡೂ ಕಡೆಯವರ ನೋವು ಅಳಿಸಿಹೋಗುತ್ತದೆ.

ಏನು ತಗೊಂಡು ಹೋಗಬೇಕು? ಸಾರಾಯಿ ಕಡ್ಡಾಯ ಅಲ್ಲ. ಮೇಣದಬತ್ತಿ ಸಾಕು. ಹೂವು ಒಯ್ಯಬಹುದು, ಅಜ್ಜನಿಗೆ ಹೊದಿಸಲು ಒಂದು ಒಳ್ಳೆಯ ವಸ್ತ್ರವನ್ನೂ ಒಯ್ಯಬಹುದು. ಅಮ್ಮನಿಗೆ ಇಷ್ಟವಾದರೆ ಮೈಸೂರು ರೇಷ್ಮೆಯ ಒಂದು ಶಲ್ಯ ಕೊಡಲಿ. ಕೊಡುವುದನ್ನು ನೇರವಾಗಿ ವಿಗ್ರಹದ ಮೇಲೆ ಹಾಕಬೇಡಿ, ಪಕ್ಕದಲ್ಲಿ ಕೂತವರ ಕೈಗೆ ಕೊಡಿ. ಜೊತೆಗೆ ಅಲ್ಲಿನ ಹಣವಾದ ಕೆಟ್ಸಾಲ್‌ನ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಒಳಗೆ ಹೋಗಲು ಸ್ವಲ್ಪ ಕಾಣಿಕೆ ಕೇಳುತ್ತಾರೆ. ಇದಕ್ಕೆ ‘ಟೂರಿಸ್ಟ್ ಸುಲಿಗೆ’ ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ವರ್ಷವಿಡೀ ಆ ಮನೆ ಹೊತ್ತ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮೇಣದಬತ್ತಿಯ ಬಣ್ಣಕ್ಕೆ ಅರ್ಥ ಇದೆ. ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಕೆಂಪು ಪ್ರೀತಿಗೆ, ಹಸಿರು ವ್ಯಾಪಾರಕ್ಕೆ, ನೀಲಿ ಕೆಲಸಕ್ಕೆ, ಬಿಳಿ ಮಕ್ಕಳ ರಕ್ಷಣೆಗೆ, ಹಳದಿ ದೊಡ್ಡವರ ರಕ್ಷಣೆಗೆ, ತಿಳಿಗುಲಾಬಿ ಆರೋಗ್ಯಕ್ಕೆ. ಕಪ್ಪು ಶತ್ರುಗಳ ಕಾಟ, ಹೊಟ್ಟೆಕಿಚ್ಚಿನ ವಿಚಾರಕ್ಕೆ. ಹಾಗಾಗಿ ಬಣ್ಣ ಚೆನ್ನಾಗಿದೆ ಅಂತ ಕಪ್ಪನ್ನು ಆರಿಸಬೇಡಿ! ಅಮ್ಮ ಬಿಳಿಯದನ್ನು ಹಚ್ಚಲಿ.

ಸಾರಾಯಿ ಹಂಚುವ ಸಮಯ ಆದರೆ ನಿಮ್ಮ ಕೈಗೂ ಒಂದು ಸಣ್ಣ ಲೋಟ ಬರಬಹುದು. ಪ್ರಸಾದದ ಲೆಕ್ಕದಲ್ಲಿ ಕೊಡುವುದು ಅದು. ಮುಖ ಸಿಂಡರಿಸಬೇಡಿ. ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ‘ನೊ, ಗ್ರಾಸಿಯಾಸ್’ ಅಂದರೆ ಸಾಕು. ವಯಸ್ಸಾದವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ವಾಸನೆ ತಡೆಯದಿದ್ದರೆ ಅಮ್ಮ ಬಾಗಿಲ ಹತ್ತಿರವೇ ಕೂರಬಹುದು, ಗೋಡೆಯ ಪಕ್ಕ ಬೆಂಚು ಇರುತ್ತದೆ.

ಫೋಟೊ ವಿಚಾರದಲ್ಲಿ ನನ್ನದೇ ತಪ್ಪೊಂದು ಹೇಳುತ್ತೇನೆ. ಮೊದಲ ಸಲ ಹೋದಾಗ ಫೋಟೊದ ಕಾಣಿಕೆ ಕೊಟ್ಟಿದ್ದೆ. ಹಾಗಾಗಿ ಹಕ್ಕಿದೆ ಅನ್ನುವಂತೆ ಅಜ್ಜನ ಮುಂದೆ ನಿಂತು ಕ್ಯಾಮೆರಾ ಸರಿ ಮಾಡುತ್ತಿದ್ದೆ. ಯಾರೋ ಮೊಣಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ತಿರುಗಿ ನೋಡಿದರೆ ನನ್ನ ಹಿಂದೆ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದರು. ಮಡಿಲಲ್ಲಿ ಮಗುವಿನ ಅಂಗಿಯೊಂದು ಮಡಿಸಿ ಇಟ್ಟುಕೊಂಡಿದ್ದರು, ಮಗು ಇರಲಿಲ್ಲ. ಎಷ್ಟು ಹೊತ್ತಿನಿಂದ ನನ್ನ ಬೆನ್ನಿನ ಹಿಂದೆ ಕಾಯುತ್ತಿದ್ದರೋ. ಆ ದಿನ ತೆಗೆದ ಚಿತ್ರಗಳನ್ನು ನಾನು ಯಾರಿಗೂ ತೋರಿಸಲಿಲ್ಲ. ಆದ್ದರಿಂದ ಹೇಳುವುದು, ಮೊದಲು ಕೂತುಕೊಳ್ಳಿ. ಯಾರಾದರೂ ಬೇಡಿಕೊಳ್ಳುತ್ತಿದ್ದರೆ ಮುಗಿಯುವ ತನಕ ಕ್ಯಾಮೆರಾ ಚೀಲದಲ್ಲೇ ಇರಲಿ. ಆಮೇಲೆ ಕೇಳಿ, ಕಾಣಿಕೆ ಕೊಟ್ಟು, ಅಜ್ಜನದ್ದು ಮಾತ್ರ ಒಂದೆರಡು ತೆಗೆಯಿರಿ. ಬೇಡಿಕೊಳ್ಳುತ್ತಿರುವವರದ್ದು ಬೇಡವೇ ಬೇಡ.

ಈಸ್ಟರ್ ಹೊತ್ತಿಗೆ ಅಂದಿರಿ. ಇದು ನಿಮ್ಮ ಅದೃಷ್ಟ, ಆದರೆ ಜನಜಂಗುಳಿಗೆ ತಯಾರಾಗಿ. ಈಸ್ಟರ್ ಹಿಂದಿನ ಪವಿತ್ರ ವಾರವೇ ಅಜ್ಜನ ದೊಡ್ಡ ಹಬ್ಬ. ವಾರದ ಶುರುವಿನಲ್ಲಿ ಅವನ ಬಟ್ಟೆಗಳನ್ನೆಲ್ಲ ಬಿಚ್ಚಿ, ರಾತ್ರಿ ಸರೋವರದ ದಡಕ್ಕೆ ಒಯ್ದು ಒಗೆಯುತ್ತಾರೆ. ಕೆಳಗಿನ ಕರಾವಳಿಯ ಬಿಸಿ ನಾಡಿಗೆ ಹೋದ ಗಂಡಸರು ಕೋಕೊ ಮತ್ತಿತರ ಹಣ್ಣುಗಳನ್ನು ಬೆನ್ನ ಮೇಲೆ ಹೊತ್ತು ತರುತ್ತಾರೆ. ಬುಧವಾರ ತೆಲಿನೆಲ್ ಅನ್ನುವ ಸೇವಕ ಅಜ್ಜನನ್ನು ಹೆಗಲ ಮೇಲೆ ಹೊತ್ತು ಚರ್ಚಿನ ಪಕ್ಕದ ಸಣ್ಣ ಗುಡಿಗೆ ತರುತ್ತಾನೆ. ಅಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ನಿಲ್ಲಿಸುತ್ತಾರೆ. ಶುಭ ಶುಕ್ರವಾರ ಯೇಸುವಿನ ಪಾರ್ಥಿವ ಶರೀರದ ಮೆರವಣಿಗೆ ಚರ್ಚಿನಿಂದ ಹೊರಬರುವ ಹೊತ್ತಿಗೆ ತೆಲಿನೆಲ್ ಅಜ್ಜನನ್ನು ಮತ್ತೆ ಹೆಗಲಿಗೇರಿಸುತ್ತಾನೆ. ಒಂದೇ ಅಂಗಳದಲ್ಲಿ ಇಬ್ಬರೂ. ಒಂದು ಕಡೆ ಹಲವಾರು ಹೆಗಲುಗಳ ಮೇಲೆ ನಿಧಾನಕ್ಕೆ ತೂಗುತ್ತಾ ಬರುವ ಯೇಸು, ಇನ್ನೊಂದು ಕಡೆ ಒಬ್ಬನೇ ಮನುಷ್ಯನ ಹೆಗಲ ಮೇಲೆ ಹ್ಯಾಟು ತೊಟ್ಟ ಅಜ್ಜ. ಆಮೇಲೆ ಅಜ್ಜ ಹೊರಟುಬಿಡುತ್ತಾನೆ. ಇದಾದ ಕೆಲವು ವಾರಕ್ಕೆ, ಮೇ ತಿಂಗಳಲ್ಲಿ, ಆ ನಾಡಿಗೆ ಮಳೆ ಬರುತ್ತದೆ. ಒಣಗಿದ ನೆಲ, ಹಣ್ಣು, ಒಬ್ಬರು ಸಾಯುವುದು, ಇನ್ನೊಬ್ಬರು ಕಟ್ಟು ಬಿಚ್ಚಿಸಿಕೊಂಡು ಹೋಗುವುದು, ಎಲ್ಲವೂ ಆ ಮಳೆಗೆ ದಾರಿ ಮಾಡುವ ಕೆಲಸ ಅಂತ ಅಲ್ಲಿನ ಹಿರಿಯರು ತಿಳಿಯುತ್ತಾರೆ. ಅಮ್ಮನ ಜೊತೆ ಹೋದರೆ ಶುಕ್ರವಾರದ ನೂಕುನುಗ್ಗಲು ಕಷ್ಟ. ವಾರದ ಮೊದಲ ದಿನಗಳಲ್ಲಿ, ಬೆಳಗ್ಗೆ ಹೋಗಿ.

ಚರ್ಚನ್ನು ಬಿಟ್ಟು ಬರಬೇಡಿ. 16ನೇ ಶತಮಾನದ ಕಟ್ಟಡ. ಒಳಗೆ ಬಲಿಪೀಠದ ಹಿಂದೆ ಎದ್ದುನಿಂತ ಮರದ ಕೆತ್ತನೆ, ಭೂಕಂಪಗಳಿಂದ ಹಳೆಯದು ಹಾಳಾದ ಮೇಲೆ ಊರಿನ ಶಿಲ್ಪಿ ದಿಯೆಗೊ ಚಾವೆಸ್ ಪೆಟ್ಸೆ ಮತ್ತು ಅವರ ತಮ್ಮ ಹೊಸದಾಗಿ ಕೆತ್ತಿದ್ದು. ಅದನ್ನು ಬೆಟ್ಟದ ಹಾಗೆ ರೂಪಿಸಿದ್ದಾರೆ. ಕೆಳಗಿನ ಹಲಗೆಗಳಲ್ಲಿ ಹುಡುಕಿ, ಮಾಶಿಮೋನ್ ಅಲ್ಲೂ ಇದ್ದಾನೆ. ಆ ಕೆಲಸ ನಡೆದಾಗ ಅಲ್ಲಿದ್ದವರು ಅಮೆರಿಕದ ಒಕ್ಲಹೋಮಾದಿಂದ ಬಂದ ಪಾದ್ರಿ ಸ್ಟ್ಯಾನ್ಲಿ ರಾದರ್. ತ್ಸುತುಹಿಲ್ ಭಾಷೆ ಕಲಿತು, ಅದರಲ್ಲೇ ಪೂಜೆ ಮಾಡಿದವರು. ಅಂತರ್ಯುದ್ಧದ ಕಾಲ ಅದು. 1981ರ ಜುಲೈ 28ರಂದು ಅವರನ್ನು ಚರ್ಚಿನ ಪಕ್ಕದ ಮನೆಯಲ್ಲೇ ಕೊಂದರು. ದೇಹವನ್ನು ಒಕ್ಲಹೋಮಾಕ್ಕೆ ಕಳಿಸುವಾಗ ಊರಿನವರು ಅವರ ಹೃದಯವನ್ನು ತಮ್ಮಲ್ಲೇ ಇಟ್ಟುಕೊಂಡರು. ಅದು ಈಗಲೂ ಆ ಚರ್ಚಿನಲ್ಲಿದೆ. 2017ರಲ್ಲಿ ಕ್ಯಾಥೊಲಿಕ್ ಚರ್ಚ್ ಅವರನ್ನು ‘ಪುನೀತ’ ಅಂತ ಸಾರಿತು, ಅದು ಸಂತ ಪದವಿಗೆ ಮುಂಚಿನ ಮೆಟ್ಟಿಲು. ಅಜ್ಜನ ಮುಖವಾಡ ಕಿತ್ತ ಪಾದ್ರಿಗಳ ಮಾತಾಡಿದೆನಲ್ಲ, ಅದೇ ಊರಿನ ಚರ್ಚಿಗೆ ಈ ಪಾದ್ರಿಯೂ ಸೇರಿದವರು. ಎರಡನ್ನೂ ನೋಡಿ.

ಸಮಯ ಇದ್ದರೆ ಇನ್ನೆರಡು ಕಡೆ ಹೋಗಬಹುದು. ಕೆಟ್ಸಾಲ್ತೆನಾಂಗೊ ನಗರದ ಹತ್ತಿರದ ಸುನಿಲ್ ಅನ್ನುವ ಊರಿನಲ್ಲಿ ಅವನನ್ನು ಸಾನ್ ಸಿಮೋನ್ ಅಂತಾರೆ. ಕಪ್ಪು ಕನ್ನಡಕ ಹಾಕಿದ ಗೊಂಬೆಯ ರೂಪ, ಅಲ್ಲೂ ಮನೆ ಬದಲಾಗುತ್ತದೆ. ಚಿಮಾಲ್ತೆನಾಂಗೊ ಹತ್ತಿರದ ಸಾನ್ ಆಂದ್ರೆಸ್ ಇತ್ಸಾಪಾದಲ್ಲಿ ಅವನಿಗೆ ಕಾಯಂ ಗುಡಿಯೇ ಇದೆ. ಕಪ್ಪು ಸೂಟು, ಮೀಸೆ, ಕುರ್ಚಿ. ಗೋಡೆ ತುಂಬ ‘ನೆರವೇರಿತು, ಧನ್ಯವಾದ’ ಅನ್ನುವ ಫಲಕಗಳು. ಹೊರಗಿನ ಅಂಗಳದಲ್ಲಿ ನೆಲದ ಮೇಲೆ ಸಕ್ಕರೆಯಿಂದ ವೃತ್ತ ಬರೆದು, ಕೊಪಾಲ್, ಮೇಣದಬತ್ತಿ ಜೋಡಿಸಿ ಬೆಂಕಿ ಹಾಕುತ್ತಾರೆ, ನಮ್ಮ ಹೋಮದ ನೆನಪಾಗುತ್ತದೆ. ಅಕ್ಟೋಬರ್ 28 ಅಲ್ಲಿನ ಜಾತ್ರೆ. ಆಂತಿಗುವಾ ಪಟ್ಟಣದಲ್ಲಿ ಉಳಿದುಕೊಂಡರೆ ಇದೇ ಹತ್ತಿರ. ಆದರೆ ಒಂದನ್ನೇ ನೋಡುವುದಾದರೆ ಸಾಂತಿಯಾಗೊಗೇ ಹೋಗಿ.

ದಾರಿ ಸುಲಭ. ಗ್ವಾಟೆಮಾಲಾ ನಗರದಿಂದ ಸರೋವರದ ಇನ್ನೊಂದು ದಡದ ಊರಾದ ಪಾನಾಹಾಚೆಲ್‌ಗೆ ರಸ್ತೆಯಲ್ಲಿ ಮೂರು ಗಂಟೆ ಹಿಡಿಯುತ್ತದೆ, ಪವಿತ್ರ ವಾರದಲ್ಲಿ ಇನ್ನೂ ಜಾಸ್ತಿ. ಅಲ್ಲಿಂದ ಲಾಂಚಾ, ಅಂದರೆ ಮೋಟಾರ್ ದೋಣಿ, ಅರ್ಧ ಗಂಟೆಯ ಮೇಲೆ ಸ್ವಲ್ಪ. ಮಧ್ಯಾಹ್ನದ ಮೇಲೆ ಸರೋವರದಲ್ಲಿ ಶೊಕೊಮಿಲ್ ಅನ್ನುವ ಗಾಳಿ ಎದ್ದು ದೋಣಿ ಕುಲುಕುತ್ತದೆ, ಅಮ್ಮನಿಗೆ ಬೆನ್ನು ನೋವಿದ್ದರೆ ಬೆಳಗಿನ ದೋಣಿಯಲ್ಲಿ ಹೋಗಿ, ಮಧ್ಯಾಹ್ನಕ್ಕೆ ಮೊದಲೇ ಹೊರಡಿ. ಸರೋವರ 1,500 ಮೀಟರಿಗಿಂತ ಎತ್ತರದಲ್ಲಿದೆ, ಸ್ವೆಟರ್ ಬೇಕು. ದಡದಲ್ಲಿ ಇಳಿದರೆ ಕೆಂಪು ಆಟೊಗಳು ನಿಂತಿರುತ್ತವೆ, ನಮ್ಮ ಬಜಾಜ್ ಆಟೊಗಳೇ. ಅಜ್ಜನ ಈ ವರ್ಷದ ಮನೆ ಯಾವುದು ಅಂತ ಆಟೊದವರಿಗೆ ಗೊತ್ತಿರುತ್ತದೆ. ಅಮ್ಮನದು ಭಾರತದ ಪಾಸ್‌ಪೋರ್ಟ್ ಆದ್ದರಿಂದ ವೀಸಾ ವಿಚಾರವನ್ನು ಗ್ವಾಟೆಮಾಲಾದ ಕಾನ್ಸುಲೇಟ್‌ನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಊಟಕ್ಕೆ ಯೋಚನೆ ಬೇಡ. ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ, ಕಪ್ಪು ಬೀನ್ಸ್ ಕಾಳು, ಬೆಣ್ಣೆಹಣ್ಣು, ಕರಿದ ಬಾಳೆಹಣ್ಣು ಎಲ್ಲಾ ಕಡೆ ಸಿಗುತ್ತದೆ. ಕಾಳಿಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಅದಕ್ಕೇ ‘ಸಿನ್ ಕಾರ್ನೆ, ಸಿನ್ ಮಾಂತೆಕಾ’ ಅಂತ ಎರಡೂ ಹೇಳಿ. ಮಾಂಸ ಬೇಡ, ಕೊಬ್ಬೂ ಬೇಡ ಅಂತ.

ಅಜ್ಜನ ಮನೆಯಿಂದ ಹೊರಡುವಾಗ ‘ಮಾಲ್ತ್ಯೋಷ್’ ಅನ್ನಿ. ತ್ಸುತುಹಿಲ್‌ನಲ್ಲಿ ಧನ್ಯವಾದ ಅಂತ. ಅದರೊಳಗಿನ ‘ತ್ಯೋಷ್’ ಸ್ಪ್ಯಾನಿಷ್‌ನ ದಿಯೋಸ್, ಅಂದರೆ ದೇವರು. ಪಕ್ಕದಲ್ಲಿ ಕೂತವರಿಗೂ ಹೇಳಿ, ಬಾಗಿಲ ಹತ್ತಿರ ನಿಂತ ಮನೆಯಾಕೆಗೂ ಹೇಳಿ. ಆ ವರ್ಷ ತನ್ನ ಮನೆಯನ್ನು ಅಜ್ಜನಿಗೆ ಬಿಟ್ಟುಕೊಟ್ಟವಳು ಅವಳೇ.